ಹೋದ ಓಲೆ, ಬಂದ ಓಲೆ

ಕನ್ನಡದ ‘ಓಲೆ’ ಎಂಬ ಮಾತಿನಲ್ಲಿ ಎರಡು ಅರ್ಥಗಳು ಬಹಳ ಕಾಲದಿಂದ ಜೊತೆಯಾಗಿ ನಡೆದು ಬಂದಿವೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು, ಮಸಿ ಸವರಿ, ದಾರ ಪೋಣಿಸಿ ಕಟ್ಟಿಟ್ಟ ಗ್ರಂಥವೂ ಓಲೆಯೇ. ಒಬ್ಬರು ಇನ್ನೊಬ್ಬರಿಗೆ ಬರೆದು ಕಳಿಸುವ ಕಾಗದವೂ ಓಲೆಯೇ. ಮೊದಲನೆಯದು ಕೂಡಿಡುವ ವಸ್ತು, ಎರಡನೆಯದು ಸಾಗಿ ಹೋಗುವ ವಸ್ತು. ಕಿವಿಯ ಓಲೆಯ ಮಾತನ್ನು ಸದ್ಯಕ್ಕೆ ಬದಿಗಿಡಬಹುದು.

ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿರುವ ಶಿವಯೋಗ ಮಂದಿರ ಮೊದಲ ಬಗೆಯ ಓಲೆಗಳಿಗೆ ಹೆಸರಾದ ಸ್ಥಳ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ವಟುಗಳ ಶಿಕ್ಷಣಕ್ಕೆಂದು ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಗೋಶಾಲೆ, ವಿಭೂತಿ ತಯಾರಿಕೆಗಳ ಜೊತೆಗೆ ತಾಳೆಯೋಲೆ ಗ್ರಂಥಗಳ ಸಂಗ್ರಹವೂ ಬೆಳೆಯಿತು. ಅದೇ ಕಾಲದಲ್ಲಿ ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನದ ಕಟ್ಟುಗಳನ್ನು ಹುಡುಕುತ್ತ ಮನೆಯಿಂದ ಮನೆಗೆ ಅಲೆಯುತ್ತಿದ್ದರು. ಆ ಅಲೆದಾಟದ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. ಬಾದಾಮಿಯೂ ಆಗ ವಿಜಾಪುರ ಜಿಲ್ಲೆಯದೇ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ದಿನಗಳಲ್ಲಿ ಒಂದು ಓಲೆಯನ್ನು ಓದಬೇಕಾದರೆ ಯಾರಾದರೂ ಅದಿರುವ ಬಾಗಿಲಿಗೆ ಹೋಗಿ ಇಂಥದ್ದೇ ಬೇಕೆಂದು ಕೇಳಬೇಕಿತ್ತು. ಒಳಗಿದ್ದವರು ಕೊಡಬೇಕಿತ್ತು, ಇಲ್ಲವೆನ್ನಬೇಕಿತ್ತು, ಅಥವಾ ಪಕ್ಕದೂರಿನ ದಾರಿ ತೋರಿಸಬೇಕಿತ್ತು.

ಇಂದು ಅದೇ ನದಿಯ ದಂಡೆಯಲ್ಲಿ ಕುಳಿತ ಒಬ್ಬರು ಮೊಬೈಲಿನಲ್ಲಿ ಕನ್ನಡ ವಿಕಿಪೀಡಿಯ ತೆರೆದು ‘ಶಿವಯೋಗ ಮಂದಿರ’ ಎಂದು ಕನ್ನಡದಲ್ಲೇ ಬರೆದು ಒತ್ತಿದರೆ ನಡೆಯುವುದೂ ಇದೇ. ಕೇಳುವವರ ಪರವಾಗಿ ಒಂದು ಓಲೆ ಹೊರಡುತ್ತದೆ. ಆ ತುದಿಯಿಂದ ಒಂದು ಓಲೆ ಬರುತ್ತದೆ. ಓಲೆ ಬರೆಯುವ ಕಾರ್ಯಕ್ರಮಕ್ಕೆ ಬ್ರೌಸರ್ ಎಂದು ಹೆಸರು, ಉತ್ತರ ಕೊಡುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಈ ಓಲೆಗಳ ಒಕ್ಕಣೆ ಹೇಗಿರಬೇಕೆಂಬ ಕಟ್ಟಳೆಗೆ ಎಚ್‌ಟಿಟಿಪಿ, ಬಿಡಿಸಿ ಹೇಳಿದರೆ ಹೈಪರ್‌ಟೆಕ್ಸ್ಟ್ ಟ್ರಾನ್ಸ್‌ಫರ್ ಪ್ರೋಟೊಕಾಲ್ ಎಂದು ಹೆಸರು. ಪ್ರತಿ ಜಾಲತಾಣದ ವಿಳಾಸದ ಮೊದಲಲ್ಲಿ ಕುಳಿತಿದ್ದರೂ ಯಾರೂ ಗಮನಿಸದ ಆ ಅಕ್ಷರಗಳು ಇವೇ. ಒಂದು ಕಾಲಕ್ಕೆ ಕನ್ನಡದ ಅಕ್ಷರಗಳಿಗೆ ಈ ಓಲೆಯಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಆ ಜಾಗ ಹೇಗೆ ಸಿಕ್ಕಿತು, ಎಷ್ಟು ಸಿಕ್ಕಿತು ಎಂದು ತಿಳಿಯಬೇಕಾದರೆ ಮೊದಲು ಓಲೆಯನ್ನು ಬಿಚ್ಚಿ ನೋಡಬೇಕು.

ಇದರ ಹುಟ್ಟೂರು ಸ್ವಿಟ್ಜರ್‌ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರ. ಅಲ್ಲಿ ಕೆಲಸಕ್ಕಿದ್ದ ಇಂಗ್ಲೆಂಡಿನ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಒಂದು ಯೋಜನೆಯನ್ನು ಮೇಲಿನವರ ಮುಂದಿಟ್ಟರು. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಚೆದುರಿದ ಕಾಗದಪತ್ರಗಳನ್ನು ಒಂದರಿಂದೊಂದಕ್ಕೆ ಕೊಂಡಿ ಹಾಕಿ ಓದುವ ಯೋಜನೆ ಅದು. 1990ರ ಕೊನೆಗೆ ಮೊದಲ ಬ್ರೌಸರ್, ಮೊದಲ ಸರ್ವರ್ ಎರಡನ್ನೂ ಅವರೇ ಬರೆದು ಮುಗಿಸಿದ್ದರು. ಆಗಿನ ಓಲೆ ಎಷ್ಟು ಸರಳವೆಂದರೆ ಅದರಲ್ಲಿ ಒಂದೇ ಸಾಲು: ‘ಗೆಟ್’, ಎಂದರೆ ‘ಕೊಡು’ ಎಂಬ ಮಾತು, ಅದರ ಮುಂದೆ ಬೇಕಾದ ಪುಟದ ಹೆಸರು. ಉತ್ತರವಾಗಿ ಪುಟ ಬರುತ್ತಿತ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಬಂದದ್ದು ಯಾವ ಲಿಪಿಯಲ್ಲಿದೆ, ಯಾವ ಬಗೆಯದು, ಕೇಳಿದ್ದೇ ಬಂದಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ಓಲೆಯಲ್ಲಿ ಎಡೆಯೇ ಇರಲಿಲ್ಲ. ಸರ್ನ್‌ನ ವಿಜ್ಞಾನಿಗಳು ತಮ್ಮತಮ್ಮಲ್ಲಿ ಇಂಗ್ಲಿಷ್ ಕಾಗದ ಹಂಚಿಕೊಳ್ಳುವುದಕ್ಕೆ ಅಷ್ಟು ಸಾಕಾಗಿತ್ತು.

ಊರು ದೊಡ್ಡದಾದಂತೆ ಒಕ್ಕಣೆಯೂ ಬೆಳೆಯಿತು. 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿಯ 1.0 ಆವೃತ್ತಿ, 1997ರ ಜನವರಿಯಲ್ಲಿ 1.1 ಆವೃತ್ತಿ ಬರಹರೂಪದಲ್ಲಿ ಪ್ರಕಟವಾದವು. ಹಳೆಯ ಕಾಲದ ಕನ್ನಡ ಕಾಗದಗಳಲ್ಲಿ ವಿಷಯಕ್ಕೆ ಬರುವ ಮೊದಲು ಇಂಥವರಿಗೆ ಇಂಥವರು ಮಾಡುವ ವಿಜ್ಞಾಪನೆ, ಈವರೆಗೆ ಉಭಯ ಕುಶಲೋಪರಿ ಎಂದೆಲ್ಲ ಬರೆಯುವ ರೂಢಿ ಇತ್ತಲ್ಲ, ಅಂಥ ಮುನ್ನೊಕ್ಕಣೆಯ ಸಾಲುಗಳು ಇದರಲ್ಲೂ ಸೇರಿದವು. ಹೆಡರ್ ಎಂದು ಇವುಗಳ ಹೆಸರು. ಮೊದಲ ಸಾಲು ಏನು ಬೇಕೆಂದು ಹೇಳುತ್ತದೆ. ಅದರ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ಸಂಗತಿ: ಯಾವ ತಾಣಕ್ಕೆ ಈ ಓಲೆ, ಕೇಳುತ್ತಿರುವ ಬ್ರೌಸರ್ ಯಾವುದು, ಎಂಥ ಕಡತಗಳನ್ನು ಅದು ಓದಬಲ್ಲದು, ಓದುವವರಿಗೆ ಯಾವ ಭಾಷೆ ಇಷ್ಟ. ಆಮೇಲೆ ಒಂದು ಖಾಲಿ ಸಾಲು. ಆ ಖಾಲಿ ಸಾಲು ಕಂಡರೆ ಮುನ್ನೊಕ್ಕಣೆ ಮುಗಿಯಿತೆಂದು ಸರ್ವರಿಗೆ ತಿಳಿಯುತ್ತದೆ.

‘ಯಾವ ತಾಣಕ್ಕೆ’ ಎಂಬ ಸಾಲು ಏಕೆ ಬೇಕೆಂದು ಕೇಳಬಹುದು; ಓಲೆ ಆ ಕಂಪ್ಯೂಟರಿನ ಬಾಗಿಲಿಗೇ ಬಂದಿದೆಯಲ್ಲ? ಒಂದು ದೊಡ್ಡ ವಾಡೆಯಲ್ಲಿ ನಾಲ್ಕಾರು ಮನೆತನಗಳು ಇರುವಂತೆ ಒಂದೇ ಸರ್ವರಿನಲ್ಲಿ ನೂರಾರು ತಾಣಗಳಿರುತ್ತವೆ. ವಾಡೆಯ ವಿಳಾಸವನ್ನು ಹುಡುಕಿ ಕೊಡುವುದು ಡಿಎನ್‌ಎಸ್ ಎಂಬ ಬೇರೊಂದು ವ್ಯವಸ್ಥೆ. ಒಳಗೆ ಯಾರ ಮನೆಯ ಕಾಗದ ಇದು ಎಂದು ತಿಳಿಸುವುದು 1.1 ಆವೃತ್ತಿ ಕಡ್ಡಾಯ ಮಾಡಿದ ‘ಹೋಸ್ಟ್’ ಎಂಬ ಸಾಲು. ಒಂದು ತಾಣಕ್ಕೊಂದು ಪ್ರತ್ಯೇಕ ವಿಳಾಸಸಂಖ್ಯೆ ಬೇಕೇ ಬೇಕೆಂಬ ಹಾಗಿದ್ದರೆ ಸಣ್ಣ ಸಂಸ್ಥೆಗಳು, ಊರಿನ ಗ್ರಂಥಾಲಯಗಳು, ಶಾಲೆಗಳು ಕಡಿಮೆ ಖರ್ಚಿನಲ್ಲಿ ತಾಣ ತೆರೆಯುವುದು ಕಷ್ಟವಾಗುತ್ತಿತ್ತು.

ಮುನ್ನೊಕ್ಕಣೆಯ ಇನ್ನೊಂದು ಸಾಲಿನ ಕಥೆ ತಾಳೆಯೋಲೆಯ ಲಿಪಿಕಾರರನ್ನು ನೆನಪಿಸುತ್ತದೆ. ಓದುಗರು ಯಾವ ಪುಟದಿಂದ ಕೊಂಡಿ ಹಿಡಿದು ಇಲ್ಲಿಗೆ ಬಂದರು ಎಂದು ತಿಳಿಸುವ ಸಾಲಿಗೆ ‘ರೆಫರರ್’ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆ ಪದದ ನಡುವೆ ಎರಡು ‘ಆರ್’ ಬರಬೇಕು. ಬರೆಯುವಾಗ ಒಂದು ಬಿಟ್ಟುಹೋಯಿತು. ಗೊತ್ತಾಗುವಷ್ಟರಲ್ಲಿ ಅದು ಎಲ್ಲೆಡೆ ಹರಡಿತ್ತು. ತಿದ್ದಿದರೆ ಹಳೆಯ ಸರ್ವರ್‌ಗಳಿಗೆ ಅರ್ಥವಾಗದು ಎಂದು ಹಾಗೆಯೇ ಬಿಟ್ಟರು. ಮೂಲಪ್ರತಿಯಲ್ಲಿ ಒಬ್ಬ ಮಾಡಿದ ಕೈತಪ್ಪನ್ನು ಪೀಳಿಗೆಯ ಲಿಪಿಕಾರರೆಲ್ಲ ನಿಷ್ಠೆಯಿಂದ ಪ್ರತಿ ಮಾಡುತ್ತ ಬಂದಂತೆ, ಜಗತ್ತಿನ ಬ್ರೌಸರ್‌ಗಳು ಇಂದಿಗೂ ಆ ತಪ್ಪು ಕಾಗುಣಿತವನ್ನೇ ಬರೆದು ಕಳಿಸುತ್ತಿವೆ.

ಈಗ ಕನ್ನಡದ ಪದಕ್ಕೆ ಬರಬೇಕು. ಓಲೆಯ ಮೊದಲ ಸಾಲಿನಲ್ಲಿ ಪುಟದ ಹೆಸರು ಇರಬೇಕಷ್ಟೆ. ಆದರೆ ಆ ಸಾಲಿನಲ್ಲಿ ಬರೆಯಲು ಅನುಮತಿ ಇರುವುದು ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಮತ್ತು ಕೆಲವು ಚಿಹ್ನೆಗಳಿಗೆ ಮಾತ್ರ. ಹಾಗಾದರೆ ‘ಶಿವಯೋಗ ಮಂದಿರ’ ಹೋಗುವುದು ಹೇಗೆ? ವೇಷ ಹಾಕಿಕೊಂಡು. ಕಂಪ್ಯೂಟರಿನ ಒಳಗೆ ಪ್ರತಿ ಕನ್ನಡ ಸಂಕೇತಕ್ಕೂ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಆ ಸಂಖ್ಯೆಯನ್ನು ಮೂರು ಬೈಟ್‌ಗಳಾಗಿ ಬರೆಯುತ್ತಾರೆ. ಓಲೆಯಲ್ಲಿ ಒಂದೊಂದು ಬೈಟಿಗೂ ಒಂದು ಶೇಕಡಾ ಚಿಹ್ನೆ, ಅದರ ಮುಂದೆ ಎರಡು ಅಂಕಿ ಅಥವಾ ಅಕ್ಷರ. ‘ಶ’ ಎಂಬ ಒಂದು ಅಕ್ಷರ ಹೀಗೆ ‘ಇ0’, ‘ಬಿ2’, ‘ಬಿ6’ ಎಂಬ ಮೂರು ತುಂಡಾಗಿ, ಪ್ರತಿ ತುಂಡಿನ ಹಿಂದೆ ಶೇಕಡಾ ಚಿಹ್ನೆ ಹೊತ್ತು ಪಯಣಿಸುತ್ತದೆ.

ಲೆಕ್ಕ ಹಾಕಿ ನೋಡಿದರೆ ಬೆರಗಾಗುತ್ತದೆ. ‘ಶಿವಯೋಗ ಮಂದಿರ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಏಳು. ಗುಡಿಸು, ಓತ್ವ, ಅನುಸ್ವಾರಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ಯೂನಿಕೋಡಿನ ಲೆಕ್ಕದಲ್ಲಿ ಅವು ಹನ್ನೊಂದು. ಹನ್ನೊಂದಕ್ಕೆ ಮೂರರಂತೆ 33 ಬೈಟ್. ಒಂದೊಂದು ಬೈಟಿಗೆ ಮೂರು ಚಿಹ್ನೆಯಂತೆ 99. ನಡುವಿನ ತೆರಪಿನ ಜಾಗದಲ್ಲಿ ವಿಕಿಪೀಡಿಯ ಹಾಕುವ ಅಡಿಗೆರೆ ಸೇರಿದರೆ ಸರಿಯಾಗಿ 100. ಇದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅಡಿಗೆರೆಯೂ ಸೇರಿ 17 ಸಾಕು. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕನ್ನಡವಾಗಿಯೇ ಕಾಣುವ ಕೊಂಡಿಯನ್ನು ನಕಲು ಮಾಡಿ ವಾಟ್ಸ್ಯಾಪಿನಲ್ಲಿ ಗೆಳೆಯರಿಗೆ ಕಳಿಸಿದಾಗ ಮಾರುದ್ದದ ಶೇಕಡಾ ಚಿಹ್ನೆಗಳ ಸರಮಾಲೆ ಬೀಳುವುದನ್ನು ಕಂಡವರು ಬಹಳ ಮಂದಿ. ಕೊಂಡಿ ಕೆಟ್ಟುಹೋಯಿತೆಂದು ಅಳಿಸಿದವರೂ ಇದ್ದಾರು. ಅದು ಕೆಟ್ಟದ್ದಲ್ಲ, ವೇಷ ತೆಗೆಯದೆ ಹಾಗೆಯೇ ಬಂದ ಕನ್ನಡ.

ಇನ್ನೊಂದು ಸೂಕ್ಷ್ಮವಿದೆ. ‘ಯೋ’ ಎಂಬುದರ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಏತ್ವ-ಕೊಂಬು-ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಓಲೆಯಲ್ಲಿ ಮಾತ್ರ ಎರಡರ ಬೈಟ್‌ಗಳು ಬೇರೆ, ಆದ್ದರಿಂದ ವಿಳಾಸವೂ ಬೇರೆ. ಎರಡನ್ನೂ ಒಂದೆಂದು ತಿಳಿಯುವ ಎಚ್ಚರವನ್ನು ಸರ್ವರ್ ನಡೆಸುವವರು ವಹಿಸಿದ್ದರೆ ಪುಟ ಸಿಗುತ್ತದೆ. ಇಲ್ಲದಿದ್ದರೆ, ಸರಿಯಾಗಿಯೇ ಕೇಳಿದವರಿಗೂ ‘ಅಂಥದ್ದಿಲ್ಲ’ ಎಂಬ ಉತ್ತರ ಬರುತ್ತದೆ.

ಆ ಉತ್ತರದ ಓಲೆಯ ಮೊದಲ ಸಾಲಿನಲ್ಲಿ ಮೂರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 200 ಎಂದರೆ ಕೇಳಿದ್ದು ಇದೆ, ತೆಗೆದುಕೊಳ್ಳಿ. 301 ಎಂದರೆ ಆ ಮನೆಯವರು ಬೇರೆಡೆಗೆ ಹೋಗಿದ್ದಾರೆ, ಹೊಸ ವಿಳಾಸ ಇದು. 403 ಎಂದರೆ ಇದೆ, ಆದರೆ ನಿಮಗೆ ಕೊಡುವಂತಿಲ್ಲ. 404 ಎಂದರೆ ಸಿಗಲಿಲ್ಲ. ನಾಲ್ಕರಿಂದ ಶುರುವಾದರೆ ಕೇಳಿದವರ ಕಡೆ ಏನೋ ತೊಡಕು, ಐದರಿಂದ ಶುರುವಾದರೆ ಕೊಡುವವರ ಕಡೆಯದು. ಪಡಿತರ ಅಂಗಡಿಯಲ್ಲೋ ಪಹಣಿ ಕೊಡುವ ಕಿಟಕಿಯಲ್ಲೋ ‘ಸರ್ವರ್ ಡೌನ್’ ಎಂಬ ಮಾತು ಕೇಳಿ ಮರಳಿದ ರೈತರಿಗೆ ಐದರ ಪಂಗಡ ಚೆನ್ನಾಗಿಯೇ ಪರಿಚಯ. 503 ಎಂದರೆ ‘ಈಗ ಆಗದು, ಆಮೇಲೆ ಬನ್ನಿ’ ಎಂದೇ ಅರ್ಥ.

ಇವುಗಳಲ್ಲಿ ಬಹಳ ಉಪಕಾರಿಯಾದರೂ ಯಾರ ಕಣ್ಣಿಗೂ ಬೀಳದ ಸಂಖ್ಯೆ 304. ಒಮ್ಮೆ ಓದಿದ ಪುಟವನ್ನು ಬ್ರೌಸರ್ ತನ್ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಮತ್ತೆ ಅದನ್ನೇ ತೆರೆದಾಗ ‘ಇಂಥ ದಿನದ ಪ್ರತಿ ನನ್ನಲ್ಲಿದೆ, ಆಮೇಲೆ ಏನಾದರೂ ಬದಲಾಗಿದ್ದರೆ ಮಾತ್ರ ಕಳಿಸಿ’ ಎಂದು ಕೇಳುತ್ತದೆ. ಬದಲಾಗಿರದಿದ್ದರೆ ಸರ್ವರ್ 304 ಎಂದಷ್ಟೇ ಬರೆದು ಪುಟವನ್ನೇ ಕಳಿಸದೆ ಉಳಿಸುತ್ತದೆ. ಸಿಗ್ನಲ್ಲಿನ ಒಂದೇ ಗೀಟು ಕಾಣುವ ಊರಿನಲ್ಲಿ, ದಿನದ ಡೇಟಾ ಮುಗಿಯುವ ಹೊತ್ತಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ದಾರಿಯ ನಡುವೆಯೂ ಹೀಗೆ ಪ್ರತಿ ಇಟ್ಟುಕೊಳ್ಳುವವರಿದ್ದಾರೆ. ವಿಕಿಪೀಡಿಯದ ಮೂಲ ಸರ್ವರ್‌ಗಳು ಅಮೆರಿಕದಲ್ಲಿವೆ. ಏಷ್ಯಾದ ಓದುಗರಿಗೆಂದು ಸಿಂಗಪುರದಲ್ಲಿ 2018ರಲ್ಲಿ ಪ್ರತಿಗಳ ಕೇಂದ್ರವೊಂದನ್ನು ತೆರೆದರು. ಮೂಲಮಠಕ್ಕೆ ಹೋಗಬೇಕಾದ ಕೆಲಸ ಶಾಖಾಮಠದಲ್ಲೇ ಮುಗಿದಂತೆ.

ಉತ್ತರದ ಓಲೆಯ ಮುನ್ನೊಕ್ಕಣೆಯಲ್ಲಿ ಕನ್ನಡದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ‘ಕಂಟೆಂಟ್-ಟೈಪ್’. ಒಳಗಿರುವುದು ಬರಹವೋ ಚಿತ್ರವೋ, ಬರಹವಾದರೆ ಯಾವ ಅಕ್ಷರಪಟ್ಟಿಯಂತೆ ಓದಬೇಕು ಎಂದು ಹೇಳುವ ಸಾಲು ಅದು. ತಾಳೆಯೋಲೆಗೆ ಇಂಥ ಚೀಟಿ ಬೇಕಿಲ್ಲ. ಕಟ್ಟು ಬಿಚ್ಚಿದೊಡನೆ ಕನ್ನಡವೋ ನಾಗರಿಯೋ ತಿಗಳಾರಿಯೋ ಕಣ್ಣಿಗೇ ಕಾಣುತ್ತದೆ. ತಂತಿಯ ಮೇಲೆ ಬರುವುದು ಬರೀ ಸಂಖ್ಯೆಗಳು. ಯಾವ ಪಟ್ಟಿ ಹಿಡಿದು ಓದಬೇಕೆಂದು ಚೀಟಿ ಹೇಳದಿದ್ದರೆ, ಅಥವಾ ಚೀಟಿ ಸುಳ್ಳು ಹೇಳಿದರೆ, ಎಲ್ಲವೂ ಗೋಜಲು.

ಕನ್ನಡಕ್ಕೆ ಒದಗಿದ್ದು ಇದೇ ಗೋಜಲು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ, 1996ರಲ್ಲಿ, ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರ್ಜಾಲದ ಮೊದಲ ಕನ್ನಡ ಪತ್ರಿಕೆಯಾಗಿ ಬಂತು. ಕನ್ನಡ ಹಿಂದೆ ಬೀಳಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಆದರೆ ಆಗಿನ ಕಟ್ಟಳೆ ಏನೆಂದರೆ, ಚೀಟಿಯಲ್ಲಿ ಅಕ್ಷರಪಟ್ಟಿಯ ಹೆಸರಿಲ್ಲದಿದ್ದರೆ ಒಳಗಿರುವುದು ಐಎಸ್‌ಒ 8859-1, ಎಂದರೆ ಪಶ್ಚಿಮ ಯುರೋಪಿನ ಭಾಷೆಗಳ ಪಟ್ಟಿ ಎಂದು ತಿಳಿಯತಕ್ಕದ್ದು. ಯೂನಿಕೋಡ್ ಪಟ್ಟಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದನ್ನು ತೆರೆಯ ಮೇಲೆ ಸರಿಯಾಗಿ ಮೂಡಿಸುವ ಶಕ್ತಿ ಆಗಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಆದ್ದರಿಂದ ಕನ್ನಡದವರು ಒಂದು ಉಪಾಯ ಹೂಡಿದರು. ಫ್ರೆಂಚ್, ಜರ್ಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿದರು. ಓಲೆಯ ಮೇಲೆ ಯುರೋಪಿನ ಚೀಟಿ, ಒಳಗೆ ಯುರೋಪಿನ ಸಂಖ್ಯೆಗಳು, ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇದ್ದರೆ ಮಾತ್ರ ಕನ್ನಡ!

ಉಪಾಯ ಕೆಲಸ ಮಾಡಿತು ಎನ್ನಬೇಕು. ದೂರದೇಶದಲ್ಲಿದ್ದ ಕನ್ನಡಿಗರು ಫಾಂಟ್ ಇಳಿಸಿಕೊಂಡು ಊರಿನ ಸುದ್ದಿ ಓದಿದರು. ಆದರೆ ಒಬ್ಬೊಬ್ಬರ ಫಾಂಟಿನ ಜೋಡಣೆ ಒಂದೊಂದು ಬಗೆ. ಒಂದರಲ್ಲಿ ‘ಕ’ ಕುಳಿತ ಜಾಗದಲ್ಲಿ ಇನ್ನೊಂದರಲ್ಲಿ ಯಾವುದೋ ಒತ್ತಕ್ಷರ. ಫಾಂಟ್ ಇಲ್ಲದವರ ತೆರೆಯ ಮೇಲೆ ತಲೆಗೆ ಗೀಟು, ಚುಕ್ಕೆ ಹೊತ್ತ ವಿಚಿತ್ರ ಅಕ್ಷರಗಳ ಸಂತೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಅದು ಕನ್ನಡವಲ್ಲ. ಹಾಗಾಗಿ ‘ಮಲಪ್ರಭಾ’ ಎಂದು ಕನ್ನಡದಲ್ಲಿ ಹುಡುಕಿದರೆ ಆ ಪದವಿರುವ ಪುಟ ಸಿಗುವ ಹಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡದ ಯೂನಿಕೋಡನ್ನು ಮೂಡಿಸಲು ಕಲಿತ ಮೇಲೆ, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದ ಮೇಲೆ ಈ ಅವ್ಯವಸ್ಥೆ ನಿಧಾನವಾಗಿ ಕರಗಿತು. ಯುರೋಪಿನ ಪಟ್ಟಿಯನ್ನೇ ಮೊದಲು ಊಹಿಸಬೇಕೆಂಬ ಹಳೆಯ ಕಟ್ಟಳೆಯನ್ನು ಎಚ್‌ಟಿಟಿಪಿಯ ಬರಹದಿಂದ ತೆಗೆದುಹಾಕಿದ್ದು ಮಾತ್ರ 2014ರಲ್ಲಿ.

ಈಗಲೂ ಸುಳ್ಳುಚೀಟಿ ಅಂಟಿಸಿ ಕಳಿಸುವ ಸರ್ವರ್‌ಗಳು ಇಲ್ಲದಿಲ್ಲ. ಗುರುತು ಹಿಡಿಯುವುದು ಸುಲಭ. ಕನ್ನಡದ ಸಂಕೇತಗಳೆಲ್ಲ ಯುಟಿಎಫ್-8ರಲ್ಲಿ ‘ಇ0’ ಎಂಬ ಬೈಟಿನಿಂದ ಶುರುವಾಗಿ ಬಹುಪಾಲು ‘ಬಿ2’ ಅಥವಾ ‘ಬಿ3’ರಿಂದ ಮುಂದುವರಿಯುತ್ತವೆ. ಯುರೋಪಿನ ಪಟ್ಟಿಯಲ್ಲಿ ‘ಇ0’ ಎಂದರೆ ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ‘ಎ’, ‘ಬಿ2’ ಎಂದರೆ ಮೇಲ್ಗಡೆ ಬರೆದ ಪುಟ್ಟ 2. ಪುಟದ ತುಂಬ ಗೀಟಿನ ‘ಎ’, ಪುಟ್ಟ 2, ಮತ್ತೆ ಗೀಟಿನ ‘ಎ’ ಕಂಡರೆ ಒಳಗಿರುವುದು ಅಚ್ಚ ಕನ್ನಡ, ಕೆಟ್ಟಿರುವುದು ಚೀಟಿ ಎಂದು ತಿಳಿಯಬಹುದು.

ಭಾಷೆಯ ವಿಚಾರ ಬಂದಾಗ ಕೇಳುವವರ ಓಲೆಯಲ್ಲಿರುವ ‘ಅಕ್ಸೆಪ್ಟ್-ಲ್ಯಾಂಗ್ವೇಜ್’ ಸಾಲನ್ನೂ ನೆನೆಯಬೇಕು. ‘ಕೆಎನ್’ ಎಂಬ ಎರಡಕ್ಷರ ಅಲ್ಲಿದ್ದರೆ, ಓದುವವರು ಕನ್ನಡವನ್ನು ಬಯಸುತ್ತಾರೆ, ಇಲ್ಲದಿದ್ದರೆ ಇಂಗ್ಲಿಷ್ ಆದೀತು ಎಂದು ಸರ್ವರಿಗೆ ಅರ್ಥವಾಗುತ್ತದೆ. ಈ ಸಾಲನ್ನು ಬ್ರೌಸರ್ ಬರೆಯುವುದು ಫೋನಿನ ಭಾಷೆಯನ್ನು ನೋಡಿ. ಮನೆಯಲ್ಲಿ, ಸಂತೆಯಲ್ಲಿ ಕನ್ನಡವನ್ನಲ್ಲದೆ ಬೇರೆ ಮಾತಾಡದವರು ಕೂಡ ಅಂಗಡಿಯವರು ಕೊಟ್ಟ ಹಾಗೆಯೇ ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿದ್ದರೆ, ದಿನಕ್ಕೆ ನೂರಾರು ಸಲ ಅವರ ಹೆಸರಿನಲ್ಲಿ ‘ಇಂಗ್ಲಿಷ್ ಕೊಡಿ’ ಎಂಬ ಓಲೆಗಳು ಹೋಗುತ್ತಿರುತ್ತವೆ. ಕನ್ನಡ ಕೇಳುವವರೇ ಇಲ್ಲ ಎಂದು ಯಾವುದಾದರೂ ಕಂಪನಿ ಲೆಕ್ಕ ತೋರಿಸಿದರೆ ಆ ಲೆಕ್ಕದ ಹಿಂದೆ ಇಂಥ ಓಲೆಗಳೂ ಇರಬಹುದು.

ಎಚ್‌ಟಿಟಿಪಿಯ ಇನ್ನೊಂದು ಗುಣ ಅದರ ಮರೆವು. ಒಂದು ಓಲೆಗೆ ಉತ್ತರ ಕೊಟ್ಟ ಮರುಕ್ಷಣ ಸರ್ವರ್ ಎಲ್ಲ ಮರೆಯುತ್ತದೆ. ಮುಂದಿನ ಓಲೆ ಅದೇ ಕೈಯಿಂದ ಬಂದರೂ ಅದರ ಪಾಲಿಗೆ ಹೊಸಬರದೇ. ಓದುವುದಕ್ಕೆ ಇದರಿಂದ ತೊಂದರೆಯಿಲ್ಲ. ಬ್ಯಾಂಕಿನ ತಾಣದಲ್ಲೋ ರೈಲಿನ ಟಿಕೆಟ್ ಕೊಳ್ಳುವಲ್ಲೋ ಹೆಜ್ಜೆಹೆಜ್ಜೆಗೂ ನೀವು ಯಾರೆಂದು ಕೇಳಿದರೆ ಕೆಲಸ ನಡೆಯದು. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಬನಶಂಕರಿ ಜಾತ್ರೆಯಂಥ ಜನಜಂಗುಳಿಯಲ್ಲಿ ಚಪ್ಪಲಿ ಬಿಟ್ಟವರ ಕೈಗೆ ಒಂದು ಬಿಲ್ಲೆ ಕೊಡುತ್ತಾರಲ್ಲ, ಹಾಗೆ ಸರ್ವರ್ ತನ್ನ ಮೊದಲ ಉತ್ತರದ ಜೊತೆ ಒಂದು ಬಿಲ್ಲೆ ಕೊಡುತ್ತದೆ. ಬ್ರೌಸರ್ ಅದನ್ನು ಮುಂದಿನ ಓಲೆಗಳಿಗೆಲ್ಲ ಲಗತ್ತಿಸುತ್ತದೆ. ಮುಖ ನೆನಪಿಲ್ಲದಿದ್ದರೂ ಬಿಲ್ಲೆ ನೋಡಿದರೆ ಚಪ್ಪಲಿ ಯಾವುದೆಂದು ತಿಳಿಯುತ್ತದೆ. ಇದೇ ‘ಕುಕಿ’. ಬಿಲ್ಲೆ ಕೊಟ್ಟ ಅಂಗಡಿಗೆ ಮಾತ್ರ ಅದನ್ನು ತೋರಿಸುವುದಾದರೆ ನಿರಪಾಯ. ಒಂದು ಪುಟದೊಳಗೆ ಜಾಹೀರಾತಿನವರ ಚಿತ್ರವೂ ಸೇರಿದಾಗ ಬ್ರೌಸರ್ ಅವರಿಗೂ ಬೇರೆ ಓಲೆ ಬರೆಯುತ್ತದೆ, ಅವರೂ ತಮ್ಮ ಬಿಲ್ಲೆ ಕೊಡುತ್ತಾರೆ. ಅದೇ ಜಾಹೀರಾತಿನವರು ನೂರು ತಾಣಗಳಲ್ಲಿದ್ದರೆ, ಬ್ರೌಸರ್ ತಡೆಯದ ಹೊರತು, ಬಿಲ್ಲೆಯೊಂದನ್ನೇ ಹಿಡಿದು ಯಾರು ಎಲ್ಲೆಲ್ಲಿ ತಿರುಗಿದರೆಂದು ಅವರಿಗೆ ಗೊತ್ತಾಗಿಬಿಡುತ್ತದೆ.

‘ಗೆಟ್’ ಅಲ್ಲದೆ ‘ಪೋಸ್ಟ್’ ಎಂಬ ಇನ್ನೊಂದು ಬಗೆಯ ಓಲೆಯೂ ಇದೆ. ಮೊದಲನೆಯದು ಕೇಳಿಕೆ, ಎರಡನೆಯದು ಸಲ್ಲಿಕೆ. ಕೇಳಿಕೆಯನ್ನು ಹತ್ತು ಸಲ ಕಳಿಸಿದರೂ ಆ ತುದಿಯಲ್ಲಿ ಏನೂ ಬದಲಾಗಬಾರದು. ಸಲ್ಲಿಕೆ ಹಾಗಲ್ಲ; ಹಣ ಕಟ್ಟುವ ಅರ್ಜಿಯನ್ನು ಎರಡು ಸಲ ಕಳಿಸಿದರೆ ಹಣವೂ ಎರಡು ಸಲ ಹೋದೀತು. ಪುಟವನ್ನು ಮತ್ತೆ ತೆರೆಯಹೋದಾಗ ‘ಈ ಮಾಹಿತಿಯನ್ನು ಇನ್ನೊಮ್ಮೆ ಕಳಿಸಬೇಕೇ?’ ಎಂದು ಬ್ರೌಸರ್ ಕೇಳುವುದು ಇದಕ್ಕೇ. ಆ ಪ್ರಶ್ನೆಯನ್ನು ಓದದೆ ಒತ್ತಬಾರದು.

ಈ ಓಲೆಗಳೆಲ್ಲ ಮೊದಲು ಅಂಚೆಯ ಕಾರ್ಡಿನ ಹಾಗೆ ತೆರೆದೇ ಸಾಗುತ್ತಿದ್ದವು. ನಡುವೆ ಯಾರು ಬೇಕಾದರೂ ಓದಬಹುದಿತ್ತು, ತಿದ್ದಲೂಬಹುದಿತ್ತು. ವಿಳಾಸದಲ್ಲಿ ಎಚ್‌ಟಿಟಿಪಿಯ ಮುಂದೆ ‘ಎಸ್’ ಸೇರಿದಾಗ ಓಲೆ ಮುದ್ರೆಯೊತ್ತಿದ ಲಕೋಟೆಯೊಳಗೆ ಹೋಗುತ್ತದೆ. ಯಾವ ತಾಣದೊಂದಿಗೆ ಮಾತುಕತೆ ಎಂಬುದು ಸಾಮಾನ್ಯವಾಗಿ ಹೊರಗಿನವರಿಗೆ ಕಾಣುತ್ತದೆ, ಯಾವ ಪುಟ ಕೇಳಿದರು, ಏನು ಬಂತು ಎಂಬುದು ಕಾಣದು. ಬಸ್ ನಿಲ್ದಾಣದ ಉಚಿತ ವೈಫೈ ಬಳಸುವವರಿಗೆ ಈ ‘ಎಸ್’ ಅಷ್ಟಿಷ್ಟು ಉಪಕಾರ ಮಾಡಿಲ್ಲ.

2015ರಲ್ಲಿ ಬಂದ ಎರಡನೆಯ ಆವೃತ್ತಿ ಹತ್ತಾರು ಓಲೆಗಳನ್ನು ಒಂದೇ ದಾರಿಯಲ್ಲಿ ಹೆಣೆದು ಕಳಿಸತೊಡಗಿತು. ಪದೇಪದೇ ಬರುವ ಒಕ್ಕಣೆಗೆ ಗುಪ್ತಸಂಖ್ಯೆಗಳನ್ನು ಕೊಟ್ಟು ಅದನ್ನು ಕಿರಿದಾಗಿಸಿತು. ಓಲೆ ಈಗ ಬರಿಗಣ್ಣಿಗೆ ಓದಿಸಿಕೊಳ್ಳದು. ಮೂರನೆಯದು 2022ರ ಜೂನ್‌ನಲ್ಲಿ ಮಾನ್ಯವಾಯಿತು. ಲಾಡ್ಜಿನ ವೈಫೈಯಲ್ಲಿ ಶುರುವಾದ ಮಾತುಕತೆ, ಬಾದಾಮಿಯ ಬಸ್ಸು ಹತ್ತಿ ಮೊಬೈಲ್ ಟವರಿಗೆ ಬದಲಾದರೂ, ಕಡಿಯದೆ ಮುಂದುವರಿಯುವ ಏರ್ಪಾಡು ಅದರಲ್ಲಿದೆ. ‘ಗೆಟ್’, ಮೂರಂಕಿಯ ಉತ್ತರ, ಶೇಕಡಾ ಚಿಹ್ನೆಯ ವೇಷ ಮಾತ್ರ ಮೊದಲಿನಂತೆಯೇ.

ಹಳಕಟ್ಟಿಯವರು ಹುಡುಕಿ ತಂದ ಬಗೆಯ ಸಾಹಿತ್ಯ ಈಗ ಈ ದಾರಿಯಲ್ಲಿ ನಡೆಯುತ್ತಿದೆ. ‘ವಚನ ಸಂಚಯ’ ಎಂಬ ತಾಣದಲ್ಲಿ ಒಂದು ಪದ ಬರೆದು ಒತ್ತಿದರೆ ಅದು ಯಾವ ಯಾವ ವಚನದಲ್ಲಿದೆ ಎಂಬ ಪಟ್ಟಿ ಎದುರಿಗೆ ನಿಲ್ಲುತ್ತದೆ. ಒಬ್ಬ ವಿದ್ವಾಂಸರು ಇಡೀ ಬೇಸಿಗೆ ಕುಳಿತು ಮಾಡುತ್ತಿದ್ದ ಕೆಲಸ ಒಂದು ಓಲೆಗೆ ಉತ್ತರವಾಗಿ ಬರುತ್ತದೆ. ಇದು ಸಾಧ್ಯವಾದದ್ದು ಆ ವಚನಗಳು ಯೂನಿಕೋಡಿನಲ್ಲಿರುವುದರಿಂದ. ತೊಂಬತ್ತರ ದಶಕದ ಫಾಂಟುಗಳಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ಆ ಮೇಲೆ ಯಾರೂ ಪರಿವರ್ತಿಸದೆ ಬಿಟ್ಟ ಪುಸ್ತಕಗಳಿಗೆ, ಕಡತ ಇದ್ದರೂ ಈ ಭಾಗ್ಯವಿಲ್ಲ. ತಾಳೆಯೋಲೆಯಂತೂ ಕಪಾಟಿನಲ್ಲಿ ಎಷ್ಟು ಜೋಪಾನವಾಗಿದ್ದರೂ, ಯಾರಾದರೂ ಚಿತ್ರ ತೆಗೆದು, ಓದಿ, ಬರೆದು, ಒಂದು ವಿಳಾಸ ಕೊಟ್ಟು ಸರ್ವರಿನಲ್ಲಿ ಇರಿಸುವ ತನಕ, ಅದನ್ನು ಕೇಳಿ ಬಂದ ಓಲೆಗೆ 404 ಎಂಬ ಉತ್ತರವೇ.

ಸರ್ವರಿನಲ್ಲಿ ಇಟ್ಟದ್ದೂ ಶಾಶ್ವತವಲ್ಲ. ಲಕ್ಷಾಂತರ ಜನ ಪುಕ್ಕಟೆಯಾಗಿ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಯಾಹೂ ಕಂಪನಿ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅದರಲ್ಲಿ ಉಳಿದದ್ದು ಇಂಟರ್ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ಮೊದಲೇ ‘ಗೆಟ್’ ಎಂದು ಕೇಳಿ ಪ್ರತಿ ಮಾಡಿಟ್ಟುಕೊಂಡಷ್ಟು ಮಾತ್ರ.

ಮಲಪ್ರಭೆಯ ದಂಡೆಯಲ್ಲಿ ಕುಳಿತವರು ಈ ಸಲ ತೆರಪು ಬಿಡದೆ ‘ಶಿವಯೋಗಮಂದಿರ’ ಎಂದು ಕೂಡಿಸಿ ಬರೆದರೆನ್ನಿ. ಊರಿನವರು ಎರಡು ಬಗೆಯಲ್ಲೂ ಬರೆಯುತ್ತಾರೆ, ಎರಡೂ ಸರಿ. ಓಲೆಯಲ್ಲಿ ಒಂದು ಅಡಿಗೆರೆ ಕಡಿಮೆಯಾಗಿ ಚಿಹ್ನೆಗಳು 99 ಆಗುತ್ತವೆ. ಸರ್ವರಿನ ಪಾಲಿಗೆ ಇದು ಬೇರೆಯೇ ಹೆಸರು. ಆ ಹೆಸರು ಬಂದರೆ ಈ ಪುಟ ತೋರಿಸು ಎಂದು ಯಾರಾದರೂ ಕನ್ನಡ ಬಲ್ಲವರು ಕುಳಿತು ಒಂದು ಸಾಲು ಬರೆದಿಟ್ಟಿದ್ದರೆ ಪುಟ ಸಿಗುತ್ತದೆ.